ಜಗತ್ತಿನ ಹೆಸರಾಂತ ಹೋಲ್‌ಗಳು ಒಂದೇ ಕೋರ್ಸಿನಲ್ಲಿ: ನಕಲು ಕಟ್ಟುವುದು ಹೇಗೆ, ಎಡವುವುದು ಎಲ್ಲಿ

ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್, ಅಮೆರಿಕದ ಅಗಸ್ಟಾ, ಪೆಬಲ್ ಬೀಚ್, ಸಾಗ್ರಾಸ್. ಗಾಲ್ಫ್ ನೋಡುವವರಿಗೆ ಈ ಕೋರ್ಸ್‌ಗಳ ಕೆಲವು ಹೋಲ್‌ಗಳು ಕಣ್ಣು ಮುಚ್ಚಿದರೂ ಕಾಣುವಷ್ಟು ಪರಿಚಿತ. ಆಡುವ ಭಾಗ್ಯ ಮಾತ್ರ ಕೆಲವರದೇ. ಅಗಸ್ಟಾ ನ್ಯಾಷನಲ್‌ನಂಥ ಖಾಸಗಿ ಕ್ಲಬ್ಬಿನಲ್ಲಿ ಸದಸ್ಯರ ಆಹ್ವಾನವಿಲ್ಲದೆ ಒಂದು ಹೊಡೆತವನ್ನೂ ಹೊಡೆಯಲಾಗದು. ಈ ಕೊರತೆ ತುಂಬಲು ಹುಟ್ಟಿಕೊಂಡದ್ದೇ ನಕಲು ಕೋರ್ಸ್. ಬೇರೆ ಬೇರೆ ಊರು, ದೇಶಗಳ ಪ್ರಸಿದ್ಧ ಹೋಲ್‌ಗಳನ್ನು ಮಾದರಿಯಾಗಿಟ್ಟುಕೊಂಡು ಒಂದೇ ಜಾಗದಲ್ಲಿ ಹದಿನೆಂಟು ಹೋಲ್ ಕಟ್ಟುವುದು.

ಇಲ್ಲಿ ಹೋಲ್ ಎಂದರೆ ಚೆಂಡು ಬೀಳುವ ಕುಳಿಯಷ್ಟೇ ಅಲ್ಲ; ಮೊದಲ ಹೊಡೆತದ ಟೀಯಿಂದ ಹಿಡಿದು ಫೇರ್‌ವೇ ಎಂಬ ಕತ್ತರಿಸಿದ ಹುಲ್ಲಿನ ದಾರಿ, ಬಂಕರ್ ಎಂಬ ಮರಳ ಗುಂಡಿ, ನೀರು ದಾಟಿ, ಕುಳಿಯಿರುವ ನುಣುಪು ಹುಲ್ಲಿನ ಗ್ರೀನ್ ಮುಟ್ಟುವವರೆಗಿನ ಇಡೀ ಹಾದಿ. ಉದ್ದ, ಅಗಲ, ಬಂಕರ್‌ಗಳ ಜಾಗ ಇವನ್ನು ಅಳೆದು ತಂದು ಬೇರೆಡೆ ಇಡುವುದು ಅಂಥ ಕಷ್ಟದ ಕೆಲಸವಲ್ಲ. ಆದರೆ ಹೋಲ್‌ನ ಸತ್ವ ಆಕಾರದಲ್ಲಿ ಮಾತ್ರ ಇರುವುದಿಲ್ಲ. ಗಾಳಿ ಎತ್ತಣಿಂದ ಬೀಸುತ್ತದೆ, ನೆಲ ಎಷ್ಟು ಗಟ್ಟಿ, ಗ್ರೀನ್ ಮೇಲೆ ಚೆಂಡು ಎಷ್ಟು ದೂರ ಉರುಳುತ್ತದೆ, ಟೀ ಮೇಲೆ ನಿಂತವರಿಗೆ ಏನು ಕಾಣುತ್ತದೆ, ಏನು ಮರೆಯಾಗಿರುತ್ತದೆ ಎಂಬುದೆಲ್ಲ ಸೇರಿ ಆಟಗಾರರ ಮುಂದೆ ಒಂದು ಪ್ರಶ್ನೆ ಇಡುತ್ತವೆ. ಆ ಪ್ರಶ್ನೆ ಹೊಸ ಜಾಗದಲ್ಲೂ ಉಳಿದರೆ ನಕಲು ಗೆದ್ದಂತೆ. ಆಕಾರ ಬಂದು ಪ್ರಶ್ನೆ ಬಾರದಿದ್ದರೆ ಹೋಲ್ ಫೋಟೋಕ್ಕೆ ಮಾತ್ರ ಚೆಂದ.

ಮೊದಲಿಗರು ಕದ್ದದ್ದು ಆಕಾರವನ್ನಲ್ಲ

ಈ ವಿದ್ಯೆಯನ್ನು ಶಾಸ್ತ್ರವಾಗಿ ಮಾಡಿದವರು ಚಾರ್ಲ್ಸ್ ಬ್ಲೇರ್ ಮೆಕ್‌ಡೊನಾಲ್ಡ್. 1870ರ ದಶಕದಲ್ಲಿ ಸೇಂಟ್ ಆಂಡ್ರ್ಯೂಸ್‌ನಲ್ಲಿ ಓದುವಾಗ ಆಟ ಕಲಿತ ಅಮೆರಿಕನ್. 1895ರ ಮೊತ್ತಮೊದಲ ಯು.ಎಸ್. ಅಮೆಚೂರ್ (ಹವ್ಯಾಸಿಗಳ ಚಾಂಪಿಯನ್‌ಷಿಪ್) ಗೆದ್ದವರು. 1900ರ ನಂತರದ ವರ್ಷಗಳಲ್ಲಿ ಬ್ರಿಟನ್ನಿನ ಕೋರ್ಸ್‌ಗಳನ್ನು ಮತ್ತೆ ಮತ್ತೆ ಸುತ್ತಿ, ಅತ್ಯುತ್ತಮ ಎನಿಸಿದ ಹೋಲ್‌ಗಳ ನಕ್ಷೆ, ಟಿಪ್ಪಣಿ ಕಲೆಹಾಕಿದರು. ನ್ಯೂಯಾರ್ಕ್ ರಾಜ್ಯದ ಸೌತಾಂಪ್ಟನ್‌ನಲ್ಲಿ ಜಮೀನು ಕೊಂಡು, ಸೇತ್ ರೇನರ್ ಎಂಬ ಸರ್ವೆಯರ್‌ನನ್ನು ಜೊತೆಗಿಟ್ಟುಕೊಂಡು ಕಟ್ಟಿದ ನ್ಯಾಷನಲ್ ಗಾಲ್ಫ್ ಲಿಂಕ್ಸ್ ಆಫ್ ಅಮೆರಿಕ 1911ರಲ್ಲಿ ವಿಧ್ಯುಕ್ತವಾಗಿ ತೆರೆಯಿತು. ಅಲ್ಲಿನ 4ನೇ ಹೋಲ್‌ಗೆ ಸ್ಕಾಟ್ಲೆಂಡಿನ ನಾರ್ತ್ ಬರ್ವಿಕ್‌ನ 15ನೇ ಹೋಲ್ ಮಾದರಿ. 3ನೆಯದಕ್ಕೆ ಪ್ರೆಸ್ಟ್‌ವಿಕ್‌ನ 17ನೆಯದು, 7ನೆಯದಕ್ಕೆ ಸೇಂಟ್ ಆಂಡ್ರ್ಯೂಸ್‌ನ 17ನೆಯದು. ಯಾವುದನ್ನೂ ಅಂಗುಲ ಅಂಗುಲವಾಗಿ ಅಳೆದು ಇಳಿಸಲಿಲ್ಲ. ಮೊದಲು ತನ್ನ ನೆಲದಲ್ಲಿ ಆ ಹೋಲ್‌ಗೆ ಹೊಂದುವ ದಿಬ್ಬ, ಇಳಿಜಾರು ಎಲ್ಲಿದೆ ಎಂದು ಹುಡುಕಿ, ಅಲ್ಲಿ ಅದರ ತತ್ವವನ್ನು ಕೂರಿಸಿದರು. ಇಂಥ ಮಾದರಿಗಳಿಗೆ ಟೆಂಪ್ಲೇಟ್ ಹೋಲ್ ಎನ್ನುತ್ತಾರೆ. ರೇನರ್ ಮುಂದೆ ಇವನ್ನೇ ಬೇರೆ ಬೇರೆ ನೆಲಕ್ಕೆ ಹೊಂದಿಸುತ್ತ ಅನೇಕ ಕೋರ್ಸ್ ಕಟ್ಟಿದರು.

ನಾರ್ತ್ ಬರ್ವಿಕ್‌ನ ಆ ಹೋಲ್‌ನ ಹೆಸರು ರೆಡಾನ್. ಪಾರ್ 3, ಅಂದರೆ ಮೂರು ಹೊಡೆತಕ್ಕೆ ಮುಗಿಸಬೇಕಾದ ಹೋಲ್, ಸುಮಾರು 190 ಯಾರ್ಡ್. ಜಗತ್ತಿನಲ್ಲಿ ಅತಿ ಹೆಚ್ಚು ನಕಲಾದ ಹೋಲ್ ಇದೇ ಇರಬೇಕು, ಅತಿ ಹೆಚ್ಚು ತಪ್ಪಾಗಿ ನಕಲಾದದ್ದೂ ಇದೇ. ಆದ್ದರಿಂದ ಇದನ್ನು ಬಿಡಿಸಿ ನೋಡುವುದು ಒಳ್ಳೆಯದು.

ಟೀ ಮೇಲೆ ನಿಂತು ಮುಂದೆ ನೋಡಿ. ಗ್ರೀನ್ ಒಂದು ಉದ್ದನೆಯ ದಿಬ್ಬದ ಮೇಲಿದೆ, ಆದರೆ ನೇರವಾಗಿಲ್ಲ. ಬಲಗಡೆಯ ಮುಂದಿನ ಮೂಲೆಯಿಂದ ಎಡಗಡೆಯ ಹಿಂದಿನ ಮೂಲೆಗೆ ಸುಮಾರು 45 ಡಿಗ್ರಿ ಓರೆಯಾಗಿ ಮಲಗಿದೆ. ಮೇಲ್ಮೈಯೂ ಅದೇ ದಿಕ್ಕಿಗೆ, ಆಟಗಾರರಿಂದ ದೂರಕ್ಕೆ ಇಳಿಯುತ್ತದೆ. ಎಡಮುಂಭಾಗವನ್ನು ಆಳವಾದ ಬಂಕರ್ ಕಾಯುತ್ತದೆ. ಬಲಮುಂಭಾಗದಲ್ಲಿ ನೆಲ ಭುಜದಂತೆ ಎತ್ತರಿಸಿದೆ. ಕುಳಿಯನ್ನು ತೋರುವ ಧ್ವಜವನ್ನು ಎಡ ಹಿಂಭಾಗದಲ್ಲಿ ನೆಟ್ಟಿದ್ದರೆ ಎರಡು ದಾರಿ. ನೇರ ಹೊಡೆದರೆ ಬಂಕರ್ ದಾಟಬೇಕು. ದಾಟಿದ ಚೆಂಡು ಆಚೆಗೆ ಇಳಿಯುವ ನೆಲದ ಮೇಲೆ ಬಿದ್ದು ಗ್ರೀನ್ ಬಿಟ್ಟು ಓಡುತ್ತದೆ. ಇನ್ನೊಂದು ದಾರಿ, ಗುರಿಯನ್ನು ಮರೆತು ಬಲಭುಜಕ್ಕೆ ಹೊಡೆಯುವುದು. ಚೆಂಡು ಅಲ್ಲಿ ಬಿದ್ದು, ಇಳಿಜಾರು ಹಿಡಿದು, ಎಡಕ್ಕೆ ಬಾಗುತ್ತ ಮೂವತ್ತು ನಲವತ್ತು ಯಾರ್ಡ್ ಉರುಳಿ ಧ್ವಜದ ಬಳಿ ಬರುತ್ತದೆ. ಧ್ವಜದಿಂದ ದೂರಕ್ಕೆ ಗುರಿಯಿಟ್ಟರೇ ಧ್ವಜದ ಹತ್ತಿರ ಹೋಗಬಹುದು ಎಂಬುದೇ ರೆಡಾನ್‌ನ ಪ್ರಶ್ನೆ.

ಮೆಕ್‌ಡೊನಾಲ್ಡ್ ಇದರ ಸೂತ್ರವನ್ನು ಬಲು ಚುಟುಕಾಗಿ ಹೇಳಿದ್ದರು: ಕಿರಿದಾದ ಎತ್ತರದ ನೆಲ, ಬಲದಿಂದ ಎಡಕ್ಕೆ ಸ್ವಲ್ಪ ವಾಲು, ಮುಂದೆ ಆಳದ ಬಂಕರ್, ಓರೆ ದಿಕ್ಕಿನಿಂದ ಹೊಡೆತ. ನಾರ್ತ್ ಬರ್ವಿಕ್‌ನಲ್ಲಿ ಮುಂದಿನ ಏರು ಗ್ರೀನ್‌ನ ಮೇಲ್ಮೈಯನ್ನು ಮರೆಮಾಡುತ್ತದೆ. ಅವರು ತಮ್ಮ ನ್ಯಾಷನಲ್ ಗಾಲ್ಫ್ ಲಿಂಕ್ಸ್‌ನಲ್ಲಿ ಅದನ್ನು ಕಣ್ಣಿಗೆ ಕಾಣುವಂತೆ ಕಟ್ಟಿದರು. ಆದರೂ ಅದು ರೆಡಾನ್ ಆಗಿಯೇ ಉಳಿಯಿತು. ನೆಲ ಎದುರು ದಿಕ್ಕಿಗೆ ವಾಲಿದ್ದ ಕಡೆ ಇಡೀ ವಿನ್ಯಾಸವನ್ನು ಕನ್ನಡಿಯ ಬಿಂಬದಂತೆ ತಿರುಗಿಸಿದ ರಿವರ್ಸ್ ರೆಡಾನ್‌ಗಳೂ ಇವೆ, ಅವೂ ಚೆನ್ನಾಗಿಯೇ ಆಡುತ್ತವೆ.

ಹಾಗಿದ್ದರೆ ಕೆಡುವುದು ಎಲ್ಲಿ? ಮೊದಲನೆಯದು ಇಳಿಜಾರಿನ ದಿಕ್ಕು. ಸಾಮಾನ್ಯವಾಗಿ ಗ್ರೀನ್‌ಗಳನ್ನು ಹಿಂದೆ ಎತ್ತರ, ಮುಂದೆ ತಗ್ಗು ಮಾಡುತ್ತಾರೆ. ಚೆಂಡು ನಿಲ್ಲುತ್ತದೆ, ಮೇಲ್ಮೈ ಕಾಣುತ್ತದೆ. ಆ ಅಭ್ಯಾಸಬಲದಿಂದ ಯಾರಾದರೂ ರೆಡಾನ್‌ನ ಹಿಂಭಾಗವನ್ನು ಒಂದಡಿ ಎತ್ತರಿಸಿದರೆ ಮುಗಿಯಿತು, ನೇರ ಹೊಡೆತವೇ ಸುರಕ್ಷಿತವಾಗಿಬಿಡುತ್ತದೆ. ಎರಡನೆಯದು ಯಾವ ನಕ್ಷೆಯಲ್ಲೂ ಕಾಣದ್ದು, ಬಲಭುಜದ ಗಟ್ಟಿತನ. ಅಲ್ಲಿ ನೆಲ ಮೆತ್ತಗಿದ್ದರೆ ಚೆಂಡು ಬಿದ್ದಲ್ಲೇ ಕೂರುತ್ತದೆ. ಇದಕ್ಕೆ ಗ್ರೀನ್‌ನ ಮರಳಿನ ಪದರವನ್ನು ಇಪ್ಪತ್ತು ಮೂವತ್ತು ಅಡಿ ಆಚೆಗೂ, ಅಂದರೆ ಭುಜದ ಮೇಲೂ ಹಾಸಬೇಕು. ಅಲ್ಲಿನ ಹುಲ್ಲನ್ನು ಫೇರ್‌ವೇಗಿಂತ ಎತ್ತರಕ್ಕೆ ಬಿಡಬಾರದು. ಸ್ಪ್ರಿಂಕ್ಲರ್‌ಗಳ ವಿಷಯವನ್ನಂತೂ ಮೊದಲ ದಿನವೇ ಯೋಚಿಸಿರಬೇಕು. ಪೂರ್ತಿ ವೃತ್ತ ಸುತ್ತುವ ಒಂದೇ ಸ್ಪ್ರಿಂಕ್ಲರ್ ಗ್ರೀನ್‌ಗೂ ಭುಜಕ್ಕೂ ನೀರು ಹಾಕುವಂತಿದ್ದರೆ, ಬೇಸಿಗೆಯಲ್ಲಿ ಗ್ರೀನ್ ಉಳಿಸಲು ಹಾಕಿದ ನೀರೇ ಭುಜವನ್ನು ಕೆಸರು ಮಾಡುತ್ತದೆ. ಅರ್ಧವೃತ್ತ ಮಾತ್ರ ಸುತ್ತುವ, ಬೇರೆ ವಾಲ್ವ್ ಇರುವ ಸ್ಪ್ರಿಂಕ್ಲರ್‌ಗಳೇ ಇದಕ್ಕೆ ಮದ್ದು.

ಉಳಿದ ಟೆಂಪ್ಲೇಟ್‌ಗಳಲ್ಲೂ ಇದೇ ಕಥೆ. ಪ್ರೆಸ್ಟ್‌ವಿಕ್‌ನ 17ನೇ ಹೋಲ್ ಆಲ್ಪ್ಸ್‌ನಲ್ಲಿ ಎರಡನೇ ಹೊಡೆತ ಗುಡ್ಡದ ಮೇಲಿಂದ ಕಾಣದ ಗ್ರೀನ್‌ಗೆ ಹೋಗಬೇಕು, ಗ್ರೀನ್‌ನ ಮುಂದೆ ದೊಡ್ಡ ಬಂಕರ್ ಕಾದಿರುತ್ತದೆ. ಇದನ್ನು ಕಟ್ಟುವವರು ಗುಡ್ಡವನ್ನು ಮಾತ್ರವಲ್ಲ, ಆಚೆ ಇರುವವರು ಸರಿದರೆಂದು ಈಚೆಯವರಿಗೆ ತಿಳಿಸುವ ಗಂಟೆಯನ್ನೂ ಇಡಬೇಕು; ನ್ಯಾಷನಲ್‌ನಲ್ಲಿ ಅದಿದೆ. ಸೇಂಟ್ ಆಂಡ್ರ್ಯೂಸ್‌ನ 17ನೆಯದಾದ ರೋಡ್ ಹೋಲ್‌ನಲ್ಲಿ ಬಲಗಡೆಯ ಕಟ್ಟಡದ ಮೂಲೆಯ ಮೇಲಿಂದ ಮೊದಲ ಹೊಡೆತ, ಕೊನೆಗೆ ಓರೆಯಾದ ಸಪೂರ ಗ್ರೀನ್. ಅದರ ಹೊಟ್ಟೆಗೆ ಚುಚ್ಚಿಕೊಂಡಂತೆ ಮುಂದೆ ಬಂಕರ್, ಹಿಂದೆ ರಸ್ತೆ, ಕಲ್ಲುಗೋಡೆ. ನ್ಯಾಷನಲ್‌ನಲ್ಲಿ ಮೆಕ್‌ಡೊನಾಲ್ಡ್ ರಸ್ತೆ ಹಾಕಲಿಲ್ಲ, ಆ ಜಾಗದಲ್ಲಿ ಬಂಕರ್ ತೋಡಿದರು. ಕಟ್ಟಡದ ಮೂಲೆಯ ಬದಲು ಮರಳಿನ ಬಯಲು. ಅಪಾಯದ ಜಾಗ, ಅಪಾಯದ ಪ್ರಮಾಣ ಎರಡೂ ಸರಿಯಾಗಿದ್ದರೆ ಅದು ರಸ್ತೆಯೋ ಮರಳೋ ಎಂಬುದು ಎರಡನೇ ಮಾತು. ಮೂಲದಲ್ಲೇ ಆ ಮೂಲೆಯಲ್ಲಿದ್ದ ಹಳೆಯ ರೈಲ್ವೆ ಶೆಡ್‌ಗಳು ಎಂದೋ ಹೋಗಿ, ಈಗ ನಿಂತಿರುವುದು ಅವುಗಳ ಆಕಾರ ಅನುಸರಿಸಿದ ಕಟ್ಟಡ. ಬಿಯಾರಿಟ್ಜ್ ಎಂಬ ಮಾದರಿಯದು ಇನ್ನೂ ವಿಚಿತ್ರ. ನಡುವೆ ಆಳವಾದ ತಗ್ಗು ಹಾದುಹೋಗುವ ಉದ್ದನೆಯ ಗ್ರೀನ್ ಅದರ ಗುರುತು. ಫ್ರಾನ್ಸಿನ ಬಿಯಾರಿಟ್ಜ್‌ನಲ್ಲಿದ್ದ ಮೂಲ ಹೋಲ್ ಈಗಿಲ್ಲ. ಯೇಲ್ ವಿಶ್ವವಿದ್ಯಾಲಯದ ಕೋರ್ಸಿನ 9ನೇ ಹೋಲ್‌ನಂಥ ನಕಲುಗಳಲ್ಲೇ ಅದು ಬದುಕಿದೆ.

ಅಳತೆ ಹಿಡಿದು ಕಟ್ಟುವವರು

1980ರ ದಶಕದಿಂದ ಬೇರೊಂದು ಜಾತಿಯ ನಕಲು ಬಂತು. ಫ್ಲಾರಿಡಾದಲ್ಲಿ ರಾನ್ ಗಾರ್ಲ್ ವಿನ್ಯಾಸ ಮಾಡಿದ ಗೋಲ್ಡನ್ ಒಕಾಲಾ ಕೋರ್ಸಿನಲ್ಲಿ ಎಂಟು ಹೋಲ್‌ಗಳು ಪ್ರಸಿದ್ಧ ಹೋಲ್‌ಗಳಿಗೆ ಗೌರವಾರ್ಪಣೆ. ರಾಯಲ್ ಟ್ರೂನ್‌ನ ಪುಟ್ಟ ಪೋಸ್ಟೇಜ್ ಸ್ಟಾಂಪ್ ಕೂಡ ಅವುಗಳಲ್ಲೊಂದು. ಟೆಕ್ಸಸ್‌ನ ಹ್ಯೂಸ್ಟನ್ ಬಳಿ 1992ರಲ್ಲಿ ತೆರೆದ ಟೂರ್ 18 ಇನ್ನೂ ಮುಂದೆ ಹೋಗಿ ಹದಿನೆಂಟಕ್ಕೆ ಹದಿನೆಂಟನ್ನೂ ಅಮೆರಿಕದ ಹೆಸರಾಂತ ಹೋಲ್‌ಗಳ ಪ್ರತಿಕೃತಿಯೆಂದು ಮುಂದಿಟ್ಟಿತು. ಲಾಸ್ ವೇಗಸ್‌ನ ರಾಯಲ್ ಲಿಂಕ್ಸ್ ಬ್ರಿಟಿಷ್ ಓಪನ್ ನಡೆಯುವ ಕೋರ್ಸ್‌ಗಳನ್ನು ಅನುಸರಿಸಿತು. ಆಟಗಾರ, ವಿನ್ಯಾಸಕ ಜ್ಯಾಕ್ ನಿಕ್ಲಾಸ್ ತಮ್ಮದೇ ಕೋರ್ಸ್‌ಗಳ ಹೋಲ್‌ಗಳನ್ನು ಆರಿಸಿ ಬೇರ್ಸ್ ಬೆಸ್ಟ್ ಕಟ್ಟಿದರು. ಸ್ವಂತ ಕೆಲಸವನ್ನೇ ಮತ್ತೆ ಮಾಡಿದ್ದರಿಂದ ಅಲ್ಲಿ ತಕರಾರಿಗೆ ಎಡೆಯಿರಲಿಲ್ಲ.

ಅಳತೆಯ ನಕಲಿಗೆ ಮೊದಲ ತೊಡಕು ಅಳತೆಯೇ. ಬೇರೆಯವರ ಕ್ಲಬ್ಬಿನೊಳಗೆ ಸರ್ವೆ ಉಪಕರಣ ಹೊತ್ತು ಹೋಗಲು ಅನುಮತಿ ಸಿಗುವುದು ಅಪರೂಪ. ಆಗ ಉಳಿಯುವುದು ಆಟಗಾರರ ಯಾರ್ಡೇಜ್ ಪುಸ್ತಕ, ವಿಮಾನದಿಂದ ತೆಗೆದ ಚಿತ್ರ, ಸರ್ಕಾರಿ ಭೂನಕ್ಷೆ, ಟಿ.ವಿ. ದೃಶ್ಯ. ಟಿ.ವಿ.ಯನ್ನು ನಂಬುವಂತಿಲ್ಲ, ದೂರದಿಂದ ಹಿಡಿದ ಕ್ಯಾಮೆರಾ ಏರಿಳಿತವನ್ನೆಲ್ಲ ಚಪ್ಪಟೆ ಮಾಡುತ್ತದೆ. ಅಗಸ್ಟಾವನ್ನು ಮೊದಲ ಸಲ ಕಣ್ಣಾರೆ ಕಂಡವರು ಅದರ ಏರಿಳಿತಕ್ಕೆ ಬೆರಗಾಗುವುದು ಇದಕ್ಕೇ. ಅಲ್ಲಿ ಎತ್ತರದ ಜಾಗಕ್ಕೂ ತಗ್ಗಿಗೂ 150 ಅಡಿಗಿಂತ ಹೆಚ್ಚು ಅಂತರವಿದೆ.

ಈಗ ಲೈಡಾರ್ ಇದೆ, ವಿಮಾನದಿಂದ ಲೇಸರ್ ಹಾಯಿಸಿ ನೆಲದ ಎತ್ತರ ಅಳೆಯುವ ವಿಧಾನ. ಅಮೆರಿಕದ ಭೂಗರ್ಭ ಸರ್ವೆ ಇಲಾಖೆ ಇಂಥ ದತ್ತಾಂಶವನ್ನು ಎಲ್ಲರಿಗೂ ತೆರೆದಿಟ್ಟಿದೆ. ಫೇರ್‌ವೇ ಕಟ್ಟಲು ಅದು ಧಾರಾಳ ಸಾಕು. ಗ್ರೀನ್‌ಗೆ ಸಾಲದು, ಕಾರಣ ಲೆಕ್ಕದಲ್ಲೇ ಇದೆ. ಆ ದತ್ತಾಂಶದಲ್ಲಿ ಎತ್ತರದ ಸಾಮಾನ್ಯ ದೋಷಮಿತಿ ಸುಮಾರು 10 ಸೆಂಟಿಮೀಟರ್. ಶೇಕಡಾ 3ರ ಇಳಿಜಾರು ಮೂರು ಮೀಟರಿನಲ್ಲಿ ಇಳಿಯುವುದು 9 ಸೆಂಟಿಮೀಟರ್. ಅಂದರೆ ಒಂದು ಪಟ್ (ಗ್ರೀನ್ ಮೇಲೆ ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತ) ಎತ್ತ ಬಾಗಬೇಕು ಎಂಬುದನ್ನೇ ದೋಷ ನುಂಗಿಬಿಡಬಹುದು. ಗ್ರೀನ್‌ಗೆ ನೆಲದ ಮೇಲೆ ನಿಂತ ಲೇಸರ್ ಸ್ಕ್ಯಾನರ್ ಬೇಕು, ಮಿಲಿಮೀಟರ್ ಲೆಕ್ಕದಲ್ಲಿ. ಅದಕ್ಕೆ ಮಾಲೀಕರ ಒಪ್ಪಿಗೆ ಬೇಕು. ಒಪ್ಪಿಗೆಯಿಲ್ಲದ ಕಡೆ ತತ್ವದ ನಕಲೇ ಪ್ರಾಮಾಣಿಕ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಯಾವ ವರ್ಷದ ಹೋಲ್ ಎಂಬುದನ್ನೂ ನಿರ್ಧರಿಸಿಕೊಳ್ಳಬೇಕು. ಮೂಲ ಕೋರ್ಸ್‌ಗಳು ಸುಮ್ಮನೆ ಕೂರುವುದಿಲ್ಲ. ಅಗಸ್ಟಾದ 13ನೇ ಹೋಲ್ 510 ಯಾರ್ಡ್ ಇದ್ದದ್ದು 2023ರಲ್ಲಿ 545 ಆಯಿತು. ಅದಕ್ಕೆ ಮೊದಲು ಕಟ್ಟಿದ ನಕಲುಗಳೆಲ್ಲ ಒಂದೇ ಏಟಿಗೆ ಹಳೆಯವಾದವು. ಇನ್ನೊಂದು ಕುತೂಹಲದ ಸಂಗತಿ: ವಿನ್ಯಾಸಕ ಆಲಿಸ್ಟರ್ ಮೆಕೆಂಜಿ ಮತ್ತು ಆಟಗಾರ ಬಾಬಿ ಜೋನ್ಸ್ ಅಗಸ್ಟಾ ರೂಪಿಸುವಾಗ ಸೇಂಟ್ ಆಂಡ್ರ್ಯೂಸ್ ಅವರ ಕಣ್ಣ ಮುಂದಿತ್ತು, 4ನೇ ಹೋಲ್‌ಗೆ ಅಲ್ಲಿನ 11ನೆಯದು, 7ನೆಯದಕ್ಕೆ ಅಲ್ಲಿನ 18ನೆಯದು ಸ್ಫೂರ್ತಿ.

ಗ್ರೀನ್: ಎಲ್ಲ ತೀರ್ಮಾನವಾಗುವ ಜಾಗ

ಗ್ರೀನ್‌ನ ವೇಗವನ್ನು ಸ್ಟಿಂಪ್‌ಮೀಟರ್‌ನಿಂದ ಅಳೆಯುತ್ತಾರೆ. 36 ಇಂಚು ಉದ್ದದ, ಉದ್ದಕ್ಕೂ ತೋಡು ಇರುವ ಅಲ್ಯೂಮಿನಿಯಂ ಪಟ್ಟಿ. ಚೆಂಡನ್ನು ಅದರ ಕಚ್ಚಿನಲ್ಲಿಟ್ಟು ನಿಧಾನ ಎತ್ತಿದರೆ, ಪಟ್ಟಿ ಸುಮಾರು 20 ಡಿಗ್ರಿಗೆ ಬಂದಾಗ ಚೆಂಡು ತಾನೇ ಉರುಳುತ್ತದೆ. ಸಮತಟ್ಟಾದ ಕಡೆ ಎರಡೂ ದಿಕ್ಕಿಗೆ ಉರುಳಿಸಿ, ಸರಾಸರಿ ಎಷ್ಟು ಅಡಿ ಹೋಯಿತೋ ಅದೇ ಗ್ರೀನ್‌ನ ವೇಗ. 1970ರ ದಶಕದಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಯು.ಎಸ್.ಜಿ.ಎ. ದೇಶದ ಗ್ರೀನ್‌ಗಳನ್ನು ಹೀಗೆ ಅಳೆದಾಗ ಸಿಕ್ಕ ಸರಾಸರಿ ಆರೂವರೆ ಅಡಿಯ ಆಸುಪಾಸು. ಈಗ ಹತ್ತು ಹನ್ನೊಂದು ಅಡಿ ಸಾಮಾನ್ಯ, ದೊಡ್ಡ ಸ್ಪರ್ಧೆಗಳಲ್ಲಿ ಇನ್ನೂ ಹೆಚ್ಚು.

ಹಳೆಯ ಇಳಿಜಾರುಗಳ ನಕಲು ಇಲ್ಲೇ ಸಿಕ್ಕಿಬೀಳುವುದು. ಚೆಂಡು ಉರುಳುವಾಗ ಹುಲ್ಲು ಒಡ್ಡುವ ತಡೆ ಇಳಿಜಾರಿನ ಎಳೆತಕ್ಕಿಂತ ಕಡಿಮೆಯಾದರೆ ಚೆಂಡು ನಿಲ್ಲುವುದೇ ಇಲ್ಲ. ಸ್ಟಿಂಪ್‌ಮೀಟರ್ ಬಿಟ್ಟ ಚೆಂಡಿನ ವೇಗ ಸೆಕೆಂಡಿಗೆ ಸುಮಾರು 6 ಅಡಿ. ಅದರಿಂದ ಲೆಕ್ಕ ಹಾಕಿದರೆ 7 ಅಡಿ ವೇಗದ ಗ್ರೀನ್‌ನಲ್ಲಿ ಈ ಮಿತಿ ಶೇಕಡಾ 11ರ ಇಳಿಜಾರು. 10 ಅಡಿಯ ಗ್ರೀನ್‌ನಲ್ಲಿ ಅದು ಶೇಕಡಾ 8ಕ್ಕಿಂತ ತುಸು ಕೆಳಗೆ, 12 ಅಡಿಯಲ್ಲಿ ಆರೂವರೆ. ಇದು ಚೆಂಡು ನಿಲ್ಲುವ ಮಿತಿ ಮಾತ್ರ. ಸಮಾಧಾನದಿಂದ ಆಡುವಂತೆ ಕುಳಿ ಕೊರೆಯಬೇಕೆಂದರೆ ಇಂದಿನ ವೇಗಕ್ಕೆ ಶೇಕಡಾ 2ರಿಂದ 3ರ ಇಳಿಜಾರೇ ಸರಿ.

ಸೇಂಟ್ ಆಂಡ್ರ್ಯೂಸ್‌ನ 11ನೇ ಹೋಲ್, ಈಡನ್, ಇದಕ್ಕೆ ಒಳ್ಳೆಯ ಉದಾಹರಣೆ. ಗ್ರೀನ್ ಹಿಂದಿನಿಂದ ಮುಂದಕ್ಕೆ ಕಡಿದಾಗಿ ಇಳಿಯುತ್ತದೆ. ಎಡಕ್ಕೆ ಹಿಲ್, ಬಲಮುಂದಕ್ಕೆ ಸ್ಟ್ರಾತ್ ಎಂಬ ಬಂಕರ್‌ಗಳು. ಧ್ವಜಕ್ಕಿಂತ ಮೇಲೆ ಹೋದ ಚೆಂಡನ್ನು ಕೆಳಕ್ಕೆ ಪಟ್ ಮಾಡುವ ಭಯವೇ ಇದರ ಜೀವ. ಈ ಇಳಿಜಾರನ್ನು ಹಾಗೆಯೇ ತಂದು 11 ಅಡಿ ವೇಗಕ್ಕೆ ಹುಲ್ಲು ಕತ್ತರಿಸಿದರೆ ಕುಳಿಗೆ ಜಾಗವೇ ಸಿಗದು. ಮೂರು ಉಪಾಯಗಳಿವೆ. ಇಳಿಜಾರು ಉಳಿಸಿ ವೇಗವನ್ನು 8-9 ಅಡಿಗೆ ಇಳಿಸುವುದು, ಇಳಿಜಾರನ್ನೇ ಸವರುವುದು, ಗ್ರೀನ್ ದೊಡ್ಡದು ಮಾಡಿ ಕುಳಿಗಾಗಿ ಮೆತ್ತನೆಯ ಜಾಗಗಳನ್ನು ಹೊಂದಿಸುವುದು. ಮೊದಲನೆಯದೇ ಮೂಲಕ್ಕೆ ನಿಷ್ಠ. ಆದರೆ ವೇಗದ ಗ್ರೀನ್‌ಗಳಿಗೆ ಹೊಂದಿಕೊಂಡ ಗ್ರಾಹಕರು ದೂರುತ್ತಾರೆ, ಮಾಲೀಕರು ಹುಲ್ಲು ಇನ್ನಷ್ಟು ತಗ್ಗಿಸಿ ಎನ್ನುತ್ತಾರೆ, ಹೋಲ್ ಕೈತಪ್ಪುತ್ತದೆ. ಆದ್ದರಿಂದ ಗರಿಷ್ಠ ವೇಗ ಎಷ್ಟೆಂಬುದನ್ನು ನಿರ್ವಹಣೆಯ ಒಪ್ಪಂದದಲ್ಲೇ ಬರೆದಿಡುವುದು ಕ್ಷೇಮ.

ಮೇಲ್ಮೈಯ ಕೆಳಗಿನದ್ದೂ ಅಷ್ಟೇ ಮುಖ್ಯ. ಯು.ಎಸ್.ಜಿ.ಎ. ವಿಧಾನದಲ್ಲಿ ಮೊದಲು ತಳದ ಮಣ್ಣನ್ನು ಗ್ರೀನ್‌ನ ಅಂತಿಮ ಏರಿಳಿತಕ್ಕೆ ಅನುಗುಣವಾಗಿಯೇ ಕಡೆದು ಗಟ್ಟಿಮಾಡುತ್ತಾರೆ. ಅದರಲ್ಲಿ ಕನಿಷ್ಠ 8 ಇಂಚು ಆಳದ ಕಾಲುವೆ ತೋಡಿ, 15 ಅಡಿಗಿಂತ ಹೆಚ್ಚು ಅಂತರ ಬಿಡದೆ ರಂಧ್ರಗಳಿರುವ 4 ಇಂಚಿನ ಪೈಪ್ ಹಾಕುತ್ತಾರೆ. ಪೈಪ್‌ನ ಇಳಿಜಾರು ಶೇಕಡಾ ಅರ್ಧಕ್ಕಿಂತ ಕಡಿಮೆಯಿರಬಾರದು. ಮೇಲೆ 4 ಇಂಚು ಜಲ್ಲಿ, ಅದರ ಮೇಲೆ 12 ಇಂಚು ಮರಳು ಮಿಶ್ರಣ, ಒಂದಿಂಚಿಗಿಂತ ಹೆಚ್ಚು ವ್ಯತ್ಯಾಸವಿಲ್ಲದೆ. ಮರಳಿನಿಂದ ಜಲ್ಲಿಗೆ ನೀರು ತಕ್ಷಣ ಇಳಿಯುವುದಿಲ್ಲ. ಸಣ್ಣ ರಂಧ್ರಗಳ ಮರಳು ನೀರನ್ನು ಹಿಡಿದುಕೊಂಡು, ಮೇಲಿನ ಭಾರ ಸಾಕಷ್ಟಾದಾಗ ಮಾತ್ರ ಬಿಡುತ್ತದೆ. ಬೇರಿಗೆ ತೇವ ಸಿಗುವುದು ಇದರಿಂದಲೇ.

ಹಾಗಾಗಿ ಪದರದ ದಪ್ಪ ತಪ್ಪಿದರೆ ಇಡೀ ಲೆಕ್ಕ ತಪ್ಪುತ್ತದೆ. ತಳವನ್ನು ಸುಮ್ಮನೆ ಸಮ ಮಾಡಿ, ಏರಿಳಿತವನ್ನೆಲ್ಲ ಮರಳಿನಲ್ಲೇ ಕಟ್ಟುವ ಅವಸರದ ಗುತ್ತಿಗೆದಾರರಿದ್ದಾರೆ. ಆಗ ದಿಬ್ಬದ ಮೇಲೆ ಮರಳು 18 ಇಂಚು, ತಗ್ಗಿನಲ್ಲಿ 7 ಇಂಚು ಎಂಬಂತಾಗುತ್ತದೆ. ದಿಬ್ಬದ ಹುಲ್ಲು ಮಧ್ಯಾಹ್ನಕ್ಕೆ ಬಾಡುತ್ತದೆ, ತಗ್ಗಿನಲ್ಲಿ ಪಾಚಿ ಕಟ್ಟುತ್ತದೆ. ಬಿಯಾರಿಟ್ಜ್‌ನ ತಗ್ಗು ನಾಲ್ಕೈದು ಅಡಿ ಆಳವಿರಬಹುದು. ಅಲ್ಲಿ ತಗ್ಗಿನ ತಳದುದ್ದಕ್ಕೂ ಒಂದು ಪೈಪ್ ಪ್ರತ್ಯೇಕವಾಗಿ ಇರಲೇಬೇಕು, ಮರಳಿನೊಳಗೆ ಎರಡೂ ಕಡೆಯಿಂದ ಜಾರುವ ನೀರು ಅಲ್ಲಿಗೇ ಬಂದು ಸೇರುತ್ತದೆ. ಕೊನೆಯ ಹಂತದಲ್ಲಿ ಮರಳನ್ನು ನಯಮಾಡುವ ಯಂತ್ರ ಓಡಿಸುವಾಗ ಸಣ್ಣ ಉಬ್ಬುಗಳು ಸವೆದುಹೋಗುವುದೂ ಉಂಟು. ಜಿ.ಪಿ.ಎಸ್. ಇದ್ದ ಬುಲ್ಡೋಜರ್ ತಳವನ್ನು ಕರಾರುವಾಕ್ಕಾಗಿ ಕಡೆದರೂ ಈ ಹಂತದಲ್ಲಿ ಮತ್ತೆ ಅಳೆಯದಿದ್ದರೆ ಪ್ರಯೋಜನವಿಲ್ಲ.

ತರಲಾಗದ್ದು, ಹೊಂದಿಸಿಕೊಳ್ಳಬೇಕಾದದ್ದು

ಸ್ಕಾಟ್ಲೆಂಡಿನ ಕಡಲಂಚಿನ ಕೋರ್ಸ್‌ಗಳಲ್ಲಿ ಮರಳು ನೆಲ, ಅದರ ಮೇಲೆ ತೆಳು ಎಲೆಯ ಫೆಸ್ಕ್ಯು ಹುಲ್ಲು. ಚೆಂಡು ಬಿದ್ದು ಓಡುತ್ತದೆ. ಬಿಸಿ ಪ್ರದೇಶದಲ್ಲಿ ಫೆಸ್ಕ್ಯು ಬದುಕದು. ಗರಿಕೆಯ ಜಾತಿಯ ಬರ್ಮುಡಾ ಹುಲ್ಲೇ ಗತಿ. ಜೇಡಿಮಣ್ಣಿನ ಮೇಲೆ ದಟ್ಟವಾಗಿ ಹಬ್ಬಿದ ಬರ್ಮುಡಾ ಓಡುವ ಚೆಂಡನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಉರುಳುವ ಆಟ ಬೇಡುವ ಹೋಲ್‌ಗಳಿಗೆ, ಗ್ರೀನ್‌ಗೆ ಹೋಗುವ ದಾರಿಯ ಮೇಲಾದರೂ ಮರಳು ಹಾಸಿ ಹುಲ್ಲು ತಗ್ಗಾಗಿ ಇಡಬೇಕು. ಹುಲ್ಲಿನ ಹೆಂಟೆಗಳನ್ನು ಇಟ್ಟಿಗೆಯಂತೆ ಪೇರಿಸಿದ ಸೇಂಟ್ ಆಂಡ್ರ್ಯೂಸ್ ಶೈಲಿಯ ಬಂಕರ್ ಗೋಡೆಗಳು ಬಿಸಿಲ ನಾಡಿನಲ್ಲಿ ಒಣಗಿ ಕುಸಿಯುತ್ತವೆ, ಬಿಸಿಲಿಗೆ ಮುಖಮಾಡಿದ ಗೋಡೆ ಎಲ್ಲಕ್ಕಿಂತ ಮೊದಲು. ಕೃತಕ ಹುಲ್ಲಿನ ಪಟ್ಟಿಗಳನ್ನು ಪೇರಿಸಿ ಕಟ್ಟುವ ರೂಢಿ ಈಗ ಬಂದಿದೆ. ನೋಡಲು ಅಷ್ಟೇನೂ ವ್ಯತ್ಯಾಸ ಕಾಣದು.

ಎತ್ತರದ ಊರಿನಲ್ಲಿ ಗಾಳಿ ತೆಳು, ಚೆಂಡು ದೂರ ಹಾರುತ್ತದೆ. ಸಮುದ್ರಮಟ್ಟದಿಂದ 5,280 ಅಡಿ ಮೇಲೆ ಈ ಹೆಚ್ಚಳ ಶೇಕಡಾ 6ರಷ್ಟು. ಸಮುದ್ರಮಟ್ಟದ 155 ಯಾರ್ಡ್ ಹೋಲ್ ಅಲ್ಲಿ ಅದೇ ಕ್ಲಬ್ (ಚೆಂಡು ಹೊಡೆಯುವ ಕೋಲು) ಬೇಡಬೇಕಾದರೆ ಸುಮಾರು 164 ಯಾರ್ಡ್ ಇರಬೇಕು. ಕಾರ್ಡ್ ಮೇಲಿನ ಸಂಖ್ಯೆ ಮೂಲದ್ದೇ ಇರಲೆಂದು ಹಟ ಹಿಡಿಯುವುದಕ್ಕಿಂತ ಆಟಗಾರರ ಕೈಯಲ್ಲಿ ಯಾವ ಕ್ಲಬ್ ಇರಬೇಕು ಎಂದು ಯೋಚಿಸುವುದು ಲೇಸು.

ಅಗಸ್ಟಾದ 12ನೇ ಹೋಲ್ ಆ 155 ಯಾರ್ಡ್‌ನದೇ. ಅಗಲವಾದ ಆದರೆ ಆಳವಿಲ್ಲದ ಗ್ರೀನ್, ಮುಂದೆ ರೇಸ್ ಕ್ರೀಕ್ ಎಂಬ ತೊರೆ, ಹಿಂದೆ ಬಂಕರ್. ಇಷ್ಟನ್ನು ಯಾರು ಬೇಕಾದರೂ ಕಟ್ಟಬಹುದು. ಆದರೆ ಅದು ಕೋರ್ಸಿನ ತಗ್ಗಿನ ಮೂಲೆ. ಎತ್ತರದ ಪೈನ್ ಮರಗಳ ನಡುವೆ ನುಗ್ಗಿದ ಗಾಳಿ ಅಲ್ಲಿ ಸುಳಿಯುತ್ತದೆ; ಧ್ವಜ ಒಂದು ಕಡೆ ಬಾಗಿದ್ದರೆ ಮರದ ತುದಿ ಇನ್ನೊಂದು ಕಡೆ ಬಾಗಿರುತ್ತದೆ. ಬಯಲಿನಲ್ಲಿ ಎಳೆಯ ಸಸಿ ನೆಟ್ಟು ಕಟ್ಟಿದ ನಕಲಿನಲ್ಲಿ ಆ ಅನುಮಾನ ಹುಟ್ಟುವುದಿಲ್ಲ. ಮರ ಬೆಳೆಯಲು ದಶಕಗಳು ಬೇಕು, ಬೆಳೆದ ಮೇಲೆ ಗ್ರೀನ್‌ಗೆ ಬಿಸಿಲು ಸಾಲದೆ ಹುಲ್ಲು ಸೊರಗುವ ಹೊಸ ಸಮಸ್ಯೆ.

ಪೀಟ್ ಡೈ ರೂಪಿಸಿದ ಸಾಗ್ರಾಸ್‌ನ 17ನೇ ಹೋಲ್, ನೀರಿನ ನಡುವಿನ ಗ್ರೀನ್, 137 ಯಾರ್ಡ್, ನಕಲಿಗೆ ಎಲ್ಲರೂ ಮೊದಲು ಆರಿಸುವ ಹೋಲ್. ಕೋರ್ಸಿನ ಉಳಿದ ಭಾಗಕ್ಕೆಂದು ಒಳ್ಳೆಯ ಮರಳನ್ನು ಅಲ್ಲಿಂದ ಅಗೆದು ಅಗೆದು ದೊಡ್ಡ ಹೊಂಡವಾದಾಗ, ಗ್ರೀನ್ ಅನ್ನು ನೀರಿನಿಂದ ಸುತ್ತುವರಿಸೋಣವೆಂದು ಸೂಚಿಸಿದವರು ಅವರ ಪತ್ನಿ ಆಲಿಸ್ ಡೈ. ನಕಲಿನಲ್ಲಿ ಕೆಡುವುದು ನೀರಿನ ಮಟ್ಟ. ಅನೇಕ ಕೋರ್ಸ್‌ಗಳಲ್ಲಿ ಇಂಥ ಕೊಳವೇ ನೀರಾವರಿಯ ತೊಟ್ಟಿಯೂ ಹೌದು. ಬೇಸಿಗೆಯಲ್ಲಿ ಪಂಪ್ ಎಳೆದಂತೆ ಮಟ್ಟ ಮೂರ್ನಾಲ್ಕು ಅಡಿ ಇಳಿದು ಮರದ ತಡೆಗೋಡೆಯ ಕೆಳಗೆ ಕೆಸರು ಬಾಯಿಬಿಡುತ್ತದೆ. ಮಟ್ಟ ಏರಿಳಿಯುವ ಪಟ್ಟಿಯಲ್ಲೇ ಮರದ ದಿಮ್ಮಿಗಳು ಬೇಗ ಕೊಳೆಯುತ್ತವೆ. ದಿಮ್ಮಿಗಳ ಸಂದಿಯಿಂದ ಮಣ್ಣು ಸೋರಿ ಗ್ರೀನ್‌ನ ಅಂಚು ಕುಸಿಯುತ್ತದೆ. ಹಾಗಾಗಿ ನೀರಾವರಿಗೆ ಬೇರೆ ಕೊಳ, ಗೋಡೆಯ ಹಿಂದೆ ಫಿಲ್ಟರ್ ಬಟ್ಟೆ, ಅದರ ಹಿಂದೆ ಜಲ್ಲಿ ಬೇಕೇಬೇಕು. ಆಟ ನಿಲ್ಲದಂತೆ, ನೀರಿಗೆ ಬಿದ್ದ ಚೆಂಡಿನ ಬದಲು ಇನ್ನೊಂದನ್ನು ಡ್ರಾಪ್ ಮಾಡುವ ಜಾಗವನ್ನೂ ಹತ್ತಿರದಲ್ಲೇ ಇಡಬೇಕು, ಇಲ್ಲವಾದರೆ ಹಿಂದೆ ಗುಂಪುಗಳು ಸಾಲುಗಟ್ಟುತ್ತವೆ.

ಜೋಡಣೆಯ ತೊಡಕನ್ನು ವಿನ್ಯಾಸಕರು ಬಲ್ಲರು, ಹಣ ಹೂಡುವವರು ಮರೆಯುತ್ತಾರೆ. ಪಾರ್ 72 ಬರಬೇಕಾದರೆ ಸಾಮಾನ್ಯವಾಗಿ ನಾಲ್ಕು ಪಾರ್ 3, ನಾಲ್ಕು ಪಾರ್ 5, ಹತ್ತು ಪಾರ್ 4. ಜನ ಕೇಳುವ ಹೋಲ್‌ಗಳ ಪಟ್ಟಿ ತೆಗೆದರೆ ಪಾರ್ 3ಗಳೂ ಹದಿನೆಂಟನೇ ಹೋಲ್‌ಗಳೂ ತುಂಬಿರುತ್ತವೆ, ಮಧ್ಯಮ ಉದ್ದದ ಪಾರ್ 4ಗಳು ಬೆರಳೆಣಿಕೆ. ಪಕ್ಕಪಕ್ಕದ ಹೋಲ್‌ಗಳ ನಡುಗೆರೆಗಳ ಮಧ್ಯೆ ಸುರಕ್ಷತೆಗಾಗಿ ಕನಿಷ್ಠ 200 ಅಡಿಯಾದರೂ ಬೇಕು. ಪ್ರತಿ ಹೋಲ್‌ಗೂ ಮೂಲದ ದಿಕ್ಕೇ ಬೇಕೆಂದರೆ ಗ್ರೀನ್‌ನಿಂದ ಮುಂದಿನ ಟೀಗೆ ನಡೆಯುವ ದೂರ ಬೆಳೆಯುತ್ತದೆ. ಗಾಳಿಯೇ ಮುಖ್ಯವಾದ ನಾಲ್ಕೈದು ಹೋಲ್‌ಗಳ ದಿಕ್ಕನ್ನು ಮೊದಲು ಕಟ್ಟಿಹಾಕಿ, ಉಳಿದವನ್ನು ಅವುಗಳ ಸುತ್ತ ಹೆಣೆಯುವುದು ಸರಿಯಾದ ಕ್ರಮ.

ಕಾನೂನು ಎಲ್ಲಿ ಗೆರೆ ಎಳೆಯಿತು

ಟೂರ್ 18 ಮೇಲೆ ಪೆಬಲ್ ಬೀಚ್, ಪೈನ್‌ಹರ್ಸ್ಟ್, ಹಾರ್ಬರ್ ಟೌನ್ ಕೋರ್ಸ್‌ಗಳ ಮಾಲೀಕರು ಮೊಕದ್ದಮೆ ಹೂಡಿದರು. ಪೆಬಲ್ ಬೀಚ್‌ನ 14ನೇ, ಪೈನ್‌ಹರ್ಸ್ಟ್ ನಂಬರ್ 2ರ 3ನೇ, ಹಾರ್ಬರ್ ಟೌನ್‌ನ 18ನೇ ಹೋಲ್‌ಗಳ ನಕಲು ವಿವಾದಕ್ಕೆ ಕಾರಣ. ಟೆಕ್ಸಸ್‌ನ ಫೆಡರಲ್ ನ್ಯಾಯಾಲಯ 1996ರಲ್ಲಿ, ಮೇಲ್ಮನವಿ ನ್ಯಾಯಾಲಯ 1998ರಲ್ಲಿ ತೀರ್ಪು ಕೊಟ್ಟವು. ಮೊದಲೆರಡು ಹೋಲ್‌ಗಳ ವಿನ್ಯಾಸ ನಕಲಾದದ್ದಕ್ಕೆ ಮಾಲೀಕರಿಗೆ ಪರಿಹಾರ ಸಿಗಲಿಲ್ಲ. ಹಾರ್ಬರ್ ಟೌನ್‌ನ ಹೋಲ್‌ನ ಹಿಂದೆ ನಿಂತ ಕೆಂಪು ಬಿಳಿ ಪಟ್ಟೆಯ ಲೈಟ್‌ಹೌಸ್ ಮಾತ್ರ ಬೇರೆ. ಅದನ್ನು ನೋಡಿದವರಿಗೆ ಆ ರೆಸಾರ್ಟ್ ನೆನಪಾಗುತ್ತದೆ, ಆದ್ದರಿಂದ ಅದರ ನಕಲು ಜನರಲ್ಲಿ ಗೊಂದಲ ಹುಟ್ಟಿಸುತ್ತದೆ ಎಂದು ನ್ಯಾಯಾಲಯ ಒಪ್ಪಿತು. ಟೂರ್ 18 ಲೈಟ್‌ಹೌಸ್ ತೆಗೆಯಬೇಕಾಯಿತು. ಮೂಲ ಕೋರ್ಸ್‌ಗಳ ಹೆಸರನ್ನು ಜಾಹೀರಾತಿನಲ್ಲಿ ಮೆರೆಸುವುದಕ್ಕೂ ಕಡಿವಾಣ ಬಿತ್ತು, ಅವರಿಗೂ ನಮಗೂ ಸಂಬಂಧವಿಲ್ಲವೆಂಬ ಫಲಕ ಹಾಕಬೇಕಾಯಿತು. ಅಮೆರಿಕದಲ್ಲಿ 1990ರ ಕಾಯ್ದೆ ಕಟ್ಟಡಗಳ ವಿನ್ಯಾಸಕ್ಕೆ ಹಕ್ಕುಸ್ವಾಮ್ಯ ಕೊಟ್ಟಿದೆ, ಗಾಲ್ಫ್ ಕೋರ್ಸ್‌ಗಳನ್ನೂ ಅದರಡಿ ತರುವ ಮಸೂದೆ 2024ರಲ್ಲಿ ಮಂಡನೆಯಾಯಿತು. ಕಟ್ಟುವವರಿಗೆ ವ್ಯಾವಹಾರಿಕ ಅರ್ಥ ಇಷ್ಟೇ: ನೆಲದ ಏರಿಳಿತದಲ್ಲಿ ಸ್ವಾತಂತ್ರ್ಯ ಹೆಚ್ಚು, ಹೆಸರು, ಲಾಂಛನ, ಗುರುತಿನ ಕಟ್ಟಡಗಳಲ್ಲಿ ಕಡಿಮೆ.

ಕಳೆದುಹೋದ ಕೋರ್ಸ್ ಮರಳಿದಾಗ

ಮೆಕ್‌ಡೊನಾಲ್ಡ್ ಮತ್ತು ರೇನರ್ ಲಾಂಗ್ ಐಲೆಂಡ್‌ನ ಜೌಗು ನೆಲಕ್ಕೆ ಮರಳು ಪಂಪ್ ಮಾಡಿ ಕಟ್ಟಿದ್ದ ಲಿಡೋ ಕೋರ್ಸ್ ಎರಡನೇ ಮಹಾಯುದ್ಧದ ಕಾಲದಲ್ಲಿ ನಾಶವಾಯಿತು. ಹಳೆಯ ಫೋಟೋ, ನಕ್ಷೆಗಳನ್ನು ಒಂದಕ್ಕೊಂದು ತಾಳೆ ನೋಡಿ ಪೀಟರ್ ಫ್ಲೋರಿ ಎಂಬವರು ಕಂಪ್ಯೂಟರಿನಲ್ಲಿ ಅದನ್ನು ಮತ್ತೆ ಕಟ್ಟಿದರು. ಆ ಮಾದರಿಯನ್ನು ಜಿ.ಪಿ.ಎಸ್. ಬುಲ್ಡೋಜರ್‌ಗಳಿಗೆ ಉಣಿಸಿ, ವಿನ್ಯಾಸಕ ಟಾಮ್ ಡೋಕ್ ತಂಡ ವಿಸ್ಕಾನ್ಸಿನ್‌ನ ಸ್ಯಾಂಡ್ ವ್ಯಾಲಿಯಲ್ಲಿ ನಿರ್ಮಿಸಿದ ಹೊಸ ಲಿಡೋ 2023ರಲ್ಲಿ ತೆರೆಯಿತು. ಅಳತೆಯ ನಕಲು ಹೀಗೆ ಫಲಿಸಲು ಯಂತ್ರದಷ್ಟೇ ನೆಲವೂ ಕಾರಣ. ಅಲ್ಲಿ ಆಳದವರೆಗೂ ಮರಳು, ಗಾಳಿಗೆ ಅಡ್ಡವಿಲ್ಲದ ಬಯಲು, ಫೆಸ್ಕ್ಯು ಬೆಳೆಯುವ ತಂಪು. ಮೂಲದ ಆಟಕ್ಕೆ ಬೇಕಾದ ಗಟ್ಟಿತನ ತಾನಾಗಿಯೇ ಬಂತು. ಕಡಲು ಮಾತ್ರ ಇಲ್ಲ. ಡೋಕ್ ಮತ್ತು ಜಿಮ್ ಅರ್ಬಿನಾ ಆರೆಗಾನ್‌ನ ಬ್ಯಾಂಡನ್ ಡ್ಯೂನ್ಸ್‌ನಲ್ಲಿ 2010ರಲ್ಲಿ ತೆರೆದ ಓಲ್ಡ್ ಮೆಕ್‌ಡೊನಾಲ್ಡ್ ಇದರ ಪಕ್ಕದಲ್ಲಿಟ್ಟು ನೋಡಬೇಕಾದದ್ದು. ಅಲ್ಲಿ ಅಳತೆಯ ಹಂಗಿಲ್ಲ, ಅವೇ ಟೆಂಪ್ಲೇಟ್‌ಗಳು ಇಂದಿನ ಆಟಕ್ಕೆ ತಕ್ಕಂತೆ ದೊಡ್ಡ ದೊಡ್ಡ ಗ್ರೀನ್‌ಗಳಾಗಿ ಹರಡಿಕೊಂಡಿವೆ.

ಕಟ್ಟಿದ ನಕಲು ವರ್ಷ ಕಳೆದಂತೆ ಸರಿಯುತ್ತ ಹೋಗುತ್ತದೆ. ಗ್ರೀನ್ ಮೇಲೆ ಆಗಾಗ ಚೆಲ್ಲುವ ಮರಳು ಪದರಪದರವಾಗಿ ಏರುತ್ತದೆ. ಬಂಕರ್‌ನಿಂದ ಪ್ರತಿ ಹೊಡೆತಕ್ಕೂ ಸಿಡಿದ ಮರಳು ಅಂಚನ್ನು ಎತ್ತರಿಸುತ್ತದೆ; ನೀರು ಒಳಗೆ ಹರಿಯಬೇಕಾದಲ್ಲಿ ಹೊರಗೆ ಹರಿಯತೊಡಗುತ್ತದೆ. ಹುಲ್ಲು ಕತ್ತರಿಸುವವರು ಅಂಚು ಕೆಡದಿರಲೆಂದು ದಿನವೂ ಒಂದಿಷ್ಟು ಒಳಗೇ ತಿರುಗಿಸುವುದರಿಂದ ಗ್ರೀನ್ ಕುಗ್ಗಿ ಗುಂಡಗಾಗುತ್ತದೆ. ಮೊದಲು ಮಾಯವಾಗುವುದು ರೆಡಾನ್‌ನ ಎಡಹಿಂದಿನ ಮೂಲೆ, ರೋಡ್ ಹೋಲ್‌ನ ಸಪೂರ ತುದಿ. ಇದಕ್ಕೆ ಕಟ್ಟುವಾಗಲೇ ಗ್ರೀನ್‌ನ ಸುತ್ತ ಅಂಚಿನಲ್ಲಿ ಲೋಹದ ತಂತಿ ಹೂತಿಡುತ್ತಾರೆ. ಮುಂದೆಂದಾದರೂ ಲೋಹಶೋಧಕ ಹಿಡಿದು ಮೂಲ ಗೆರೆ ಕಂಡುಕೊಳ್ಳಬಹುದು. ಕೆಲಸ ಮುಗಿದ ದಿನ ಪ್ರತಿ ಗ್ರೀನ್‌ನ ಲೇಸರ್ ಸ್ಕ್ಯಾನ್ ತೆಗೆದಿಡಬೇಕು, ಕೆಲವು ವರ್ಷಕ್ಕೊಮ್ಮೆ ಮತ್ತೆ ತೆಗೆದು ಹೋಲಿಸಬೇಕು. ಕುಗ್ಗಿದ ಅಂಚನ್ನು ಹಿಂದಕ್ಕೆ ತರುವಾಗ ಒಂದೇ ದಿನ ನೆಲಮಟ್ಟಕ್ಕೆ ಬೋಳಿಸದೆ, ವಾರಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ಕತ್ತರಿಯ ಎತ್ತರ ಇಳಿಸಿ, ನಡುನಡುವೆ ತೆಳ್ಳಗೆ ಮರಳು ಚೆಲ್ಲುತ್ತ ಹೋಗಬೇಕು. ಹುಲ್ಲು ಚೆನ್ನಾಗಿ ಬೆಳೆಯುವ ತಿಂಗಳುಗಳಲ್ಲೇ ಇದನ್ನು ಮಾಡಬೇಕು.